ನಾರು ತೆಗೆಯದ ಎಲೆ

ಪತ್ರೊಡೆಗೆಂದು ಕೆಸುವಿನ ಎಲೆಯ ಬೆನ್ನಿನ ನಾರು ತೆಗೆಯಲು ಕುಳಿತರೆ ಈಗಲೂ ನನ್ನ ಮೂಗಿಗೆ ಆಸಿಡ್‌ನ ಘಾಟು ಬಡಿಯುತ್ತದೆ.

ಐವತ್ತರ ದಶಕದಲ್ಲಿ ಘಾಟ್ಕೋಪರ್‌ನ ಚಾಳಿನಲ್ಲಿ ನಮ್ಮದು ಒಂದೇ ಕೋಣೆ. ಚಿತ್ರಕಲೆ ಓದುತ್ತಿದ್ದ ಚಿಕ್ಕಪ್ಪ, ಅಮ್ಮ ನಾರು ತೆಗೆಯುವ ಮೊದಲೇ ಒಂದು ಎಲೆ ಎಗರಿಸಿ, ಮೇಣ ಸವರಿದ ಸತುವಿನ ತಗಡಿಗೆ ಒತ್ತಿ ತೆಗೆದ. ಅದರ ಗುರುತು ಕೊರೆಯಲೆಂದು ತಗಡನ್ನು ಬಾಗಿಲ ಹೊರಗಿನ ಗ್ಯಾಲರಿಯಲ್ಲಿ ಆಸಿಡ್ ತಟ್ಟೆಯೊಳಗಿಟ್ಟ. ಅಷ್ಟರಲ್ಲಿ ಅಮ್ಮ ಊಟಕ್ಕೆ ಕರೆದಳು. ಅವನು ಉಂಡು ಬರುವಷ್ಟರಲ್ಲಿ ಆಸಿಡ್ ಬೇಕಾದ್ದಕ್ಕಿಂತ ಹೆಚ್ಚೇ ತಿಂದಿತ್ತು. ಮರುದಿನ ಪರೀಕ್ಷೆಗೆ ಒಪ್ಪಿಸಬೇಕಾದ ತಗಡು ಅದು.

ಅವನು ತಗಡಿಗೆ ಮಸಿ ಬಳಿದು ಒರೆಸಿ, ಅಚ್ಚು ತೆಗೆಯಲು ಒದ್ದೆ ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿದ. ಕಾಗದ ಎತ್ತಿದಾಗ ಎಲೆಯ ಅಂಚೇ ಇರಲಿಲ್ಲ. ಕಪ್ಪು ಗೆರೆಗಳು ಕವಲೊಡೆದು ಕಾಗದದ ತುಂಬ ಹರಿದಿದ್ದವು.

"ಎಲೆ ಎಲ್ಲಿ ಹೋಯ್ತು ಮಾರಾಯ? ನಾನು ಕರೀಬಾರದಿತ್ತು," ಎಂದಳು ಅಮ್ಮ. ಅವಳ ಸ್ವರ ಇಳಿದಿತ್ತು.

ಚಿಕ್ಕಪ್ಪ ಕಾಗದವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ನಕ್ಕ.

"ಎಲೆ ಹೋಗ್ಲಿ ಅತ್ತಿಗೆ. ಅದರೊಳಗೆ ನೀರು ಹೋಗುವ ದಾರಿ ಉಳಿದುಂಟಲ್ಲ. ನನಗೆ ಬೇಕಾದದ್ದು ಅದೇ."

ಅಮ್ಮ ಉಸಿರುಬಿಟ್ಟು ಒಳಗೆ ಹೋದಳು. ರಾಶಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಎಲೆಯನ್ನು ತಂದು ಅವನ ಮುಂದಿಟ್ಟಳು.

"ಇದರ ನಾರು ತೆಗೀಲಿಲ್ಲ."