ಸ್ಪೀಕರಿನ ಹೊಟ್ಟೆಯೊಳಗೆ

"ಆ ಮುಠ್ಠಾಳ ನನ್ನ ಕೈಗೆ ಸಿಕ್ಕಿದ್ರೆ ಅವನ ಕಿವಿಗೇ ಅಂಟು ಸುರೀತಿದ್ದೆ ನೋಡಿ!" ಎಂದರು ಅಮೆಮಿಯಾ.

ಕ್ಷೌರದಂಗಡಿಯ ಕುರ್ಚಿಯಲ್ಲಿ ಅವರು ಅಂಗಾತ ಒರಗಿದ್ದರು. ಗಲ್ಲದ ತುಂಬ ನೊರೆ. ಅಂಗಡಿಯ ಯಜಮಾನ ನುಕಾಡಾ ಎಡಗೆನ್ನೆ ಮುಗಿಸಿ, ಕತ್ತಿಯನ್ನು ಗಂಟಲಿನ ಕಡೆ ತಂದಿದ್ದರು. ಅಮೆಮಿಯಾ ಕಿರ್ಯೂ ಊರಿನ ಬಸ್ ಚಾಲಕ. ಹಳೇ ಸಾಮಾನಿನ ಅಂಗಡಿಯಿಂದ ತಮ್ಮಷ್ಟೇ ವಯಸ್ಸಾದ ಜೋಡಿ ಸ್ಪೀಕರ್ ತಂದು ಚಳಿಗಾಲವೆಲ್ಲ ಅದನ್ನು ಸರಿಪಡಿಸುತ್ತ ಕೂತವರು. ಅದಕ್ಕೂ ಮೊದಲು ಅದನ್ನು ಯಾರೋ ಒಬ್ಬ ರಿಪೇರಿ ಮಾಡಿದ್ದ. ಕೋಪ ಅವನ ಮೇಲೆ.

"ಅಷ್ಟು ಕೆಟ್ಟದಾಗಿತ್ತಾ ಕೆಲಸ?"

"ಕೆಲಸಾನಾ? ಕೊಲೆ ಅನ್ನಿ. ಪೆಟ್ಟಿಗೆಯೊಳಗಿನ ದೊಡ್ಡ ಸ್ಪೀಕರಿನ ಸುತ್ತ ಮೆತ್ತನೆ ಅಂಚಿರುತ್ತಲ್ಲ, ಅದು ಅಲ್ಲಾಡಿದ್ರೇನೇ ಸದ್ದು. ಈ ಪುಣ್ಯಾತ್ಮ ಅದಕ್ಕೆ ಸ್ನಾನದ ತೊಟ್ಟಿ ಬಿರುಕಿಗೆ ಹಾಕೋ ಅಂಟು ಮೆತ್ತಿದ್ದಾನೆ. ಕಲ್ಲಾಗಿ ಕೂತಿತ್ತು!"

"ಅದರಲ್ಲೇನು ತಪ್ಪು?" ನುಕಾಡಾ ನಕ್ಕರು. "ನಮ್ಮ ಸ್ಪೀಕರಿಗೂ ನಾನು ಅದನ್ನೇ ಹಾಕಿದ್ದು. ಈಗ ವಾರ್ಡಿನ ಸಭಾಭವನದಲ್ಲಿ ಅಜ್ಜಿಯರು ಅದರ ಹಾಡಿಗೇ ಕುಣೀತಿದ್ದಾರೆ. ಅಲ್ವೇನೇ ಟೊಕಿಕೊ?"

ಗಂಡನ ಬೆನ್ನ ಹಿಂದೆ ಟವೆಲ್ ಮಡಿಸುತ್ತಿದ್ದ ಟೊಕಿಕೊ ಅದನ್ನು ಕೆಳಗಿಟ್ಟರು. ಅಮೆಮಿಯಾ ಕಡೆ ನೋಡಿ ಎರಡೂ ಮುಂಗೈಗಳನ್ನು ಎದೆಯ ಮುಂದೆ ಅಡ್ಡಡ್ಡ ಹಿಡಿದು, ಬೇಡ ಬೇಡ ಎಂದು ತಲೆಯಾಡಿಸಿದರು. ಬಿಸಿ ಟವೆಲ್ ಬೇಡವೇ ಎಂದು ಕೇಳುತ್ತಿದ್ದಾರೆ ಎಂದುಕೊಂಡ ಅಮೆಮಿಯಾ, "ಬೇಕು, ಬೇಕು" ಎಂದು ಹೇಳಿ ಮಾತು ಮುಂದುವರಿಸಿದರು.

"ನಿಮ್ಮದು ಬೇರೆ ಬಿಡಿ ನುಕಾಡಾ ಸಾನ್. ಇವನು ತೆಳು ದನಿ ಬರೋ ಪುಟ್ಟ ಸ್ಪೀಕರಿಗೆ ಗಾಯದ ಪಟ್ಟಿ ಅಂಟಿಸಿದ್ದ. ಪೆಟ್ಟಿಗೆಯ ಹೊಟ್ಟೆಯೊಳಗಿನ ಉಣ್ಣೆ ಕಿತ್ತು ಏನು ತುರುಕಿದ್ದ ಗೊತ್ತಾ? ದಿಂಬು! ಸೋಬಾ ಕಾಳಿನ ಹೊಟ್ಟು ತುಂಬಿದ ದಿಂಬು. ಡೋಲು ಬಾರಿಸಿದಾಗಲೆಲ್ಲ ಒಳಗಡೆ ಜರಜರ ಮಳೆ."

ಕತ್ತಿ ನಿಂತಿತು.

"ನೀಲಿ ಪಟ್ಟೆ ದಿಂಬಾ?"

"ಹೌದು. ನಿಮಗೆ ಹೇಗೆ..."

"ಮೂಲೇಲಿ ಕೊಕ್ಕರೆ ಕಸೂತಿ?"

ಅಮೆಮಿಯಾಗೆ ಉಗುಳು ನುಂಗಬೇಕೆನಿಸಿತು. ನುಂಗಿದರೆ ಗಂಟಲಗಂಟು ಮೇಲೆದ್ದು ಕತ್ತಿಗೆ ತಾಗೀತೆಂದು ತಡೆದುಕೊಂಡರು. "ಆದ್ರೂ ಅಂಟು ಮಾತ್ರ... ತುಂಬಾ ಅಚ್ಚುಕಟ್ಟಾಗಿ ಹಚ್ಚಿದ್ರು," ಎಂದು ಉಸುರಿದರು.

ನುಕಾಡಾ ಕತ್ತಿ ಹಿಡಿದುಕೊಂಡೇ ಹೆಂಡತಿಯ ಕಡೆ ತಿರುಗಿದರು. "ಸಭಾಭವನಕ್ಕೆ ಎರವಲು ಕೊಟ್ಟಿದ್ದೀನಿ ಅಂದ್ಯಲ್ಲೇ?"

"ಮಾರಿದೆ," ಎಂದರು ಟೊಕಿಕೊ, ತಲೆ ತಗ್ಗಿಸಿ. "ನೀವು ಕ್ಷೌರಿಕರ ಸಂಘದವರ ಜೊತೆ ಬಿಸಿನೀರ ಬುಗ್ಗೆಗೆ ಹೋಗಿದ್ರಲ್ಲ, ಆವಾಗ." ಆಮೇಲೆ ಏನೋ ಹೊಳೆದವರಂತೆ ತಲೆಯೆತ್ತಿದರು. "ಒಂದ್ನಿಮಿಷ. ಆ ದಿಂಬು ನಂದು."

"ಮಾತು ತಿರುಗಿಸ್ಬೇಡ."

"ನಮ್ಮಮ್ಮ ನನ್ನ ಮದುವೆಗೆ ಹೊಲಿದು ಕೊಟ್ಟಿದ್ದು. ಎಲ್ಲಿ ಅಂತ ಕೇಳಿದ್ರೆ, ನಿನ್ನ ತಂಗಿ ಎತ್ಕೊಂಡು ಹೋದ್ಲು ಅಂದ್ರಿ!"

"ಹೋಗಿರಬಹುದು ಅಂದೆ. ಅಷ್ಟೇ."

"ನಾನು ಅವಳನ್ನ ಮುಖಕ್ಕೆ ಮುಖ ಕೊಟ್ಟು ಕೇಳಿದೆ ರೀ! ಕಳ್ಳಿ ಅಂದುಬಿಟ್ಟೆ. ಆವತ್ತಿಂದ ಹೊಸ ವರ್ಷಕ್ಕೂ ಅವಳು ಈ ಹೊಸಿಲು ತುಳಿದಿಲ್ಲ."

ಟವೆಲ್ ಬಿಸಿ ಮಾಡುವ ಪೆಟ್ಟಿಗೆ ಬುಸುಗುಟ್ಟಿತು. ಬಲಗೆನ್ನೆಯ ಮೇಲೆ ಒಣಗುತ್ತಿದ್ದ ನೊರೆ ತುರಿಸುತ್ತಿದ್ದರೂ ಅಮೆಮಿಯಾ ಕೈ ಎತ್ತುವ ಧೈರ್ಯ ಮಾಡಲಿಲ್ಲ. "ದಿಂಬು ನಾನು ಎಸೆದಿಲ್ಲ," ಎಂದರು ಛಾವಣಿಗೆ. "ಬೆಕ್ಕು ಅದರ ಮೇಲೆ ಮಲಗುತ್ತೆ. ತಂದುಕೊಡ್ತೀನಿ."

"ನಾವೇ ಬರ್ತೀವಿ," ಎಂದು ಟೊಕಿಕೊ ಏಪ್ರನ್ ಬಿಚ್ಚಿದರು. "ಈಗಲೇ."

ಅರ್ಧ ಬೋಳಿಸಿದ ಮುಖ ಹೊತ್ತ ಅಮೆಮಿಯಾ ಮುಂದೆ, ದುಡುದುಡು ಹೆಜ್ಜೆಯ ಟೊಕಿಕೊ ಹಿಂದೆ, ಅವರ ಹಿಂದೆ ನುಕಾಡಾ. ದಾರಿಯಲ್ಲಿ ಮೀನಿನಂಗಡಿಯವನು ಏನೋ ಕೇಳಹೊರಟು, ಮೂವರ ಮುಖವನ್ನೂ ನೋಡಿ ಮತ್ತೆ ಮೀನು ಕೊಯ್ಯತೊಡಗಿದ.

ಅಮೆಮಿಯಾ ಮನೆಯಲ್ಲಿ ಬೆಕ್ಕನ್ನು ಎಬ್ಬಿಸಿ ದಿಂಬು ಕೊಟ್ಟದ್ದಾಯಿತು. ಟೊಕಿಕೊ ಅದನ್ನು ಮಡಿಲಲ್ಲಿಟ್ಟುಕೊಂಡು ಚಾಪೆಯ ಮೇಲೆ ಕೂತು, ಕಸೂತಿಗೆ ಅಂಟಿದ ರೋಮ ಬಿಡಿಸತೊಡಗಿದರು. ನುಕಾಡಾ ಆ ಕಡೆ ನೋಡಲಿಲ್ಲ. ಕೈ ಬೆನ್ನಿಗೆ ಕಟ್ಟಿಕೊಂಡು ಸ್ಪೀಕರುಗಳ ಮುಂದೆ ನಿಂತು, ತಪ್ಪು ಹುಡುಕಲೆಂದೇ ಬಂದವರಂತೆ, "ಹಾಕಿ ನೋಡೋಣ," ಎಂದರು.

ಅಮೆಮಿಯಾ ಹಳೆಯ ಹಾಡಿನ ರೆಕಾರ್ಡೊಂದನ್ನು ತಿರುಗಿಸಿದರು. ಬಂದರಿನಲ್ಲಿ ಒಬ್ಬಳೇ ನಿಂತ ಹೆಂಗಸಿನ ಹಾಡು. ದನಿ ಕೋಣೆಯ ನಡುವೆ ಬಂದು ನಿಂತಿತು. ನುಕಾಡಾ ಹುಬ್ಬು ಗಂಟಿಕ್ಕಿದರು. ಕಿವಿಯನ್ನು ಎಡಗಡೆಯ ಸ್ಪೀಕರಿನ ಹತ್ತಿರ ಒಯ್ದರು. ಆಮೇಲೆ ಬಲಗಡೆಗೆ.

"ಈ ಇನ್ನೊಬ್ಬಳು ಯಾರು?"

"ಯಾವ ಇನ್ನೊಬ್ಬಳು?"

"ಹಿಂದೆ ನಿಂತು ಮೆಲ್ಲಗೆ ಹಾಡ್ತಾ ಇದ್ದಾಳಲ್ಲ. ನಮ್ಮನೇಲೂ ಇದೇ ರೆಕಾರ್ಡ್ ಇದೆ. ಅದರಲ್ಲಿ ಇವಳಿಲ್ಲ."

"ಅದರಲ್ಲೂ ಇದ್ದಾಳೆ ನುಕಾಡಾ ಸಾನ್," ಅಮೆಮಿಯಾ ಆದಷ್ಟು ಮೃದುವಾಗಿ ಹೇಳಿದರು. "ನಿಮಗೆ ಕೇಳಿಸ್ತಿರಲಿಲ್ಲ, ಅಷ್ಟೇ."

ಟೊಕಿಕೊ ದಿಂಬಿನಿಂದ ಕಣ್ಣೆತ್ತದೆಯೇ ಏನೋ ಅಂದರು. ಹಾಡಿನ ನಡುವೆ ಆ ಮಾತು ಮುಳುಗಿಹೋಯಿತು. ನುಕಾಡಾ ಕೈ ಚಾಚಿ ಗುಂಡಿ ತಿರುಗಿಸಿ ಸದ್ದು ತಗ್ಗಿಸಿದರು. ಹೆಂಡತಿಯ ಕಡೆ ಬಾಗಿದರು.

"ಏನಂದೆ?"

ಈ ಪ್ರಶ್ನೆ ಕೇಳಿಸಿಕೊಂಡು ಅಭ್ಯಾಸವೇ ಇಲ್ಲದ ಟೊಕಿಕೊಗೆ, ತಾನು ಏನಂದೆ ಎಂಬುದೇ ಥಟ್ಟನೆ ನೆನಪಾಗಲಿಲ್ಲ.