ಅರ್ಧ ಗುಳಿಗೆ

ಗಾಳೆವ್ವ ಗುಳಿಗೆಯನ್ನು ಮಗ್ಗದ ಪಕ್ಕದ ಹಲಗೆಯ ಮೇಲಿಟ್ಟು, ಎಳೆ ಕತ್ತರಿಸುವ ಬ್ಲೇಡಿನಿಂದ ಸರಿಯಾಗಿ ಎರಡು ಹೋಳು ಮಾಡಿದಳು. ಒಂದು ಹೋಳು ತನ್ನ ಬಾಯಿಗೆ, ಇನ್ನೊಂದು ಎದುರಿಗೆ ಕೂತಿದ್ದ ಹನುಮವ್ವನ ಅಂಗೈಗೆ. ಅದೇ ಹೊತ್ತಿಗೆ ಆಶಾ ಕಾರ್ಯಕರ್ತೆ ಕವಿತಾ ಹೊಸ್ತಿಲ ಮೇಲೆ ಬಂದು ನಿಂತಿದ್ದಳು. ಇಬ್ಬರೂ ಅವಳನ್ನು ನೋಡಿದರು, ನೋಡುತ್ತಲೇ ನೀರು ಕುಡಿದು ನುಂಗಿದರು.

"ಏನ್ ಮಾಡಾಕತ್ತೀರಿ, ಅಕ್ಕಾರ?"

"ಗುಳಗಿ ತಗೊಳ್ಳಾಕತ್ತೇವಿ," ಎಂದಳು ಗಾಳೆವ್ವ. "ತಪ್ಪಸಬ್ಯಾಡ ಅಂತ ನೀನ ಹೇಳಿದ್ದಿ. ಒಂದಿನಾನೂ ತಪ್ಪಿಸಿಲ್ಲ."

ಅದು ಸುಳ್ಳಲ್ಲ. ಎದೆಯ ಗಡ್ಡೆ ತೆಗೆಸಿಕೊಂಡು ಬಂದ ಮೇಲೆ ಅವಳು ಅಮಾವಾಸ್ಯೆಗೆ ಮಗ್ಗ ನಿಲ್ಲಿಸಿದ್ದಳೇ ಹೊರತು ಗುಳಿಗೆ ನಿಲ್ಲಿಸಿರಲಿಲ್ಲ. ಪಕ್ಕದ ಮನೆಯ ಹನುಮವ್ವನಿಗೂ ಅದೇ ರೋಗ, ಅದೇ ದವಾಖಾನೆ, ಅದೇ ಡಾಕ್ಟರು. ಆದರೆ ಗಾಳೆವ್ವನಿಗೆ ಐದು ವರ್ಷದ ಗುಳಿಗೆ ಬರೆದ ಡಾಕ್ಟರು ಹನುಮವ್ವನಿಗೆ, ಕೂದಲು ಉದುರಿಸುವ ಸಲಾಯಿನ್ ಮುಗಿದ ಮೇಲೆ, ಏನೂ ಬರೆಯಲಿಲ್ಲ. ಔಷಧ ಸಾಕು, ಮನೆಗೆ ಕರೆದುಕೊಂಡು ಹೋಗಿ ಬೇಕಾದ್ದು ತಿನ್ನಿಸಿ ಎಂದು ಡಾಕ್ಟರು ಹೇಳಿದರೆ ಅದರ ಅರ್ಥವೇನೆಂದು ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಹನುಮವ್ವನಿಗೆ ಬೇಕಾದ್ದು ತಿನ್ನಿ ಎಂದು ಯಾರೂ ಹೇಳಿರಲಿಲ್ಲ. ಅದನ್ನು ಅವಳೇ ಸೇರಿಸಿಕೊಂಡಳು. ಅಬ್ಬಿಗೇರಿಗೆ ಹೋಗಿ, ಉಡದೇ ಇಟ್ಟಿದ್ದ ರೇಷ್ಮೆ ಸೀರೆಯನ್ನು ತಂಗಿಗೆ ಕೊಟ್ಟು ಬಂದಳು.

ಗಾಳೆವ್ವನಿಗೆ ಅದನ್ನು ನೋಡಲಾಗಲಿಲ್ಲ. ಸೆರಗಿನ ಎಳೆಗಳನ್ನು ಸೀರೆಯ ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸಬೇಕಾದರೆ ಇಬ್ಬರು ಎದುರುಬದುರು ಕೂರಬೇಕು. ಈ ಇಬ್ಬರು ಮದುವೆಯಾಗಿ ಬಂದಾಗಿನಿಂದ ಹಾಗೆ ಕೂತವರು. ಕೊಂಡಿಗೆ ಕೂತವರು ಒಬ್ಬರೇ ಏನನ್ನೂ ಬಾಯಿಗೆ ಹಾಕಬಾರದು ಎಂಬುದು ಗಾಳೆವ್ವನ ಅತ್ತೆ ಹಾಕಿಕೊಟ್ಟ ಕಟ್ಟಳೆ. ಚಹಾ ಬಂದರೆ ಕಪ್ಪು ಒಬ್ಬರಿಗೆ, ಬಸಿ ಒಬ್ಬರಿಗೆ. ರೊಟ್ಟಿ ಬಂದರೆ ಅರ್ಧರ್ಧ. ಗುಳಿಗೆಗೆ ಬೇರೆ ಕಟ್ಟಳೆ ಇದೆಯೆಂದು ಅತ್ತೆ ಹೇಳಿರಲಿಲ್ಲ.

ಕವಿತಾ ಚೀಲ ಇಳಿಸಿ ಅವರ ನಡುವೆ ಕೂತಳು. ಬೈಯಬೇಕೆಂದು ಬಾಯಿ ತೆರೆದವಳು, ಮಗ್ಗದ ಮೇಲೆ ಅರ್ಧಕ್ಕೆ ನಿಂತಿದ್ದ ಕೊಂಡಿಗಳನ್ನು ನೋಡಿ ಮಾತು ಬದಲಿಸಿದಳು.

"ಗಾಳಕ್ಕಾರ, ನಿಮ್ಮ ಗಡ್ಡಿ ತಗದು ತಪಾಸಣಿಗೆ ಕಳಿಸಿದ್ರಲ್ಲ? ಅದರಾಗ ಹಾರ್ಮೋನ್ ಹಿಡಕೊಳ್ಳೂ ಕೊಂಡಿ ಇದ್ದುವು ಅಂತ ತಿಳ್ಕೋರಿ. ಹೆಂಗಸರ ಮೈಯಾಗಿನ ಹಾರ್ಮೋನ್ ಬಂದು ಆ ಕೊಂಡ್ಯಾಗ ಸಿಕ್ಕೊಂಡ್ರ ಗಡ್ಡಿ ಬೆಳೀತೈತಿ. ಈ ಗುಳಗಿ ಮೊದಲ ಹೋಗಿ ಕೊಂಡಿ ಹಿಡದು ಕುಂಡ್ರತೈತಿ. ಹಾರ್ಮೋನಿಗೆ ಜಾಗಾ ಸಿಗೂದಿಲ್ಲ. ನೀವು ಅರ್ಧಾ ನುಂಗಿದ್ರ ಎಲ್ಲಾ ಕೊಂಡಿ ಹ್ಯಾಂಗ ತುಂಬತಾವು?"

"ನಂದರಾಗ?" ಎಂದಳು ಹನುಮವ್ವ.

"ನಿಮ್ಮ ಗಡ್ಡ್ಯಾಗ ಕೊಂಡಿನ ಇದ್ದಿಲ್ರಿ. ಗುಳಗಿ ಹೋಗಿ ಎಲ್ಲಿ ಕುಂಡ್ರಬೇಕು? ಅದಕ್ಕ ಡಾಕ್ಟರು ಬರದಿಲ್ಲ. ನಿಮಗ ಸಲಾಯಿನ್ನ ಔಷಧ. ಅದು ಮುಗದೈತಿ."

"ರೋಗ ಮುಗದೈತೋ, ನಾ ಮುಗದೇನೋ?"

ಕವಿತಾಳಿಗೆ ತರಬೇತಿಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. "ತಪಾಸಣಿಗೆ ಹೋಗಕೋತ ಇರಬೇಕ್ರಿ," ಎಂದಳು. "ಸದ್ಯಕ್ಕ ಏನೂ ಇಲ್ಲ ಅಂದಾರಲ್ಲ."

"ಸದ್ಯಕ್ಕ," ಎಂದು ಹನುಮವ್ವ ಆ ಮಾತನ್ನು ತೂಗಿ ನೋಡಿದಳು.

"ಹಂಗಾರ ಇಷ್ಟ ದಿನ ಈಕಿ ಪುಕ್ಕಟೆ ನುಂಗ್ಯಾಳ," ಎಂದಳು ಗಾಳೆವ್ವ.

"ಪುಕ್ಕಟೆ ಯಾಕ? ಮೈ ಬೆಂಕಿ ಆಗಿ ಬೆವತು ಬೆವತು ಸಾಕಾಗೈತಿ. ಗುಣಾ ಆಗಾಕತ್ತೈತಿ ಅಂತ ನಾ ಖುಷಿಲೆ ಬೆವರಾಕತ್ತಿದ್ನಿ."

ಕವಿತಾ ನಗಲಿಲ್ಲ. "ನಾಳಿಂದ ಗಾಳಕ್ಕಾರು ಇಡೀ ಗುಳಗಿ ನುಂಗಬೇಕು. ಇಲ್ಲಂದ್ರ ರೋಗ ಹೊಳ್ಳಿ ಬರತೈತಿ, ಖರೇನ ಹೇಳತೀನಿ. ಈ ಅರ್ಧಾ ಮಾಡಿದ್ದು ಡಾಕ್ಟರಿಗೂ ಹೇಳಬೇಕು. ನಾನೂ ಬರತೀನಿ."

ಗಾಳೆವ್ವ ಎಳೆಯ ತುದಿ ಹುಡುಕುತ್ತಾ ತಲೆ ಎತ್ತಲಿಲ್ಲ. "ಇಡೀ ನುಂಗಿ ನಾನೊಬ್ಬಾಕಿ ಉಳದು, ಯಾರ ಎದುರ ಕುಂತು ಕೊಂಡಿ ಹಾಕ್ಲಿ?"

"ಸುಮ್ನ ನುಂಗು," ಎಂದಳು ಹನುಮವ್ವ. "ನಾ ಇನ್ನೂ ಎದುರಿಗೇ ಕುಂತೀನಿ."

ಮರುದಿನ ಮುಂಜಾನೆ ಹನುಮವ್ವ ಎಂದಿನಂತೆ ಬಂದು ತನ್ನ ಜಾಗದಲ್ಲಿ ಕೂತಳು. ಗಾಳೆವ್ವ ಇಡೀ ಗುಳಿಗೆಯನ್ನು ನಾಲಿಗೆಯ ಮೇಲಿಟ್ಟುಕೊಂಡಳು, ಆದರೆ ನುಂಗಲಿಲ್ಲ. ಎದುರಿಗೆ ಹನುಮವ್ವನ ಕೈ ರೂಢಿಯ ಮೇಲೆ ತಾನಾಗಿಯೇ ಚಾಚಿಕೊಂಡಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವಳಿಗೆ ನಾಚಿಕೆ. ಹಾಗೇ ಬಿಡಲೂ ನಾಚಿಕೆ. ಗಾಳೆವ್ವ ಗುಳಿಗೆ ಬಾಯಲ್ಲೇ ಇಟ್ಟುಕೊಂಡು ಎದ್ದು ಒಳಗೆ ಹೋದಳು. ಬೆಲ್ಲದ ಹಳಕು ತಂದು, ಹಲಗೆಯ ಮೇಲಿಟ್ಟು, ಅದೇ ಬ್ಲೇಡಿನಿಂದ ಗುಳಿಗೆಯಷ್ಟೇ ದೊಡ್ಡ ತುಣುಕು ಕತ್ತರಿಸಿ ಆ ಅಂಗೈಯಲ್ಲಿಟ್ಟಳು.

ಹನುಮವ್ವ ಅದನ್ನು ಚಪ್ಪರಿಸಲಿಲ್ಲ. ನಾಲಿಗೆಯ ಹಿಂದಕ್ಕೆ ಹಾಕಿಕೊಂಡು, ತಂಬಿಗೆ ಎತ್ತಿ, ಕಣ್ಣು ಮುಚ್ಚಿ ಗಟಕ್ಕನೆ ನುಂಗಿದಳು. ಆಮೇಲೆ ತಂಬಿಗೆಯನ್ನು ಗಾಳೆವ್ವನ ಕಡೆ ಸರಿಸಿದಳು. ಗಾಳೆವ್ವನೂ ನುಂಗಿದಳು.

"ನಿನಗ ಎಷ್ಟ ವರ್ಷ ಅಂದಾರ?"

"ಐದು."

"ಹಂಗಾರ ನನಗೂ ಐದು ಹಿಡಿ," ಎಂದು ಹನುಮವ್ವ ತನ್ನ ಕಡೆಯ ಎಳೆ ಎತ್ತಿಕೊಂಡಳು.