ಬೆಂಚುಗಳ ಸಾಕ್ಷಿ

ತರಗತಿಯಲ್ಲಿ ಕೇಳಿಸಿಕೊಂಡದ್ದನ್ನು ಬೆಂಚುಗಳೇ ತಿರುಗಿ ಹೇಳುವುದರಿಂದ ಶಾಲಾ ತಪಾಸಣೆ ಈಗ ಸುಲಭ. ಅಧಿಕಾರಿ ನೀಲಗಂಗಾ ಒಂದು ಖಾಸಗಿ ಶಾಲೆಯ ಮೊದಲ ಬೆಂಚನ್ನು ತಟ್ಟಿದರು. ಅದು ಹದಿಮೂರರ ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸಿತು. ಶಾಲೆಯ ಅಧ್ಯಕ್ಷ ಬಸಲಿಂಗಪ್ಪ ಮೀಸೆ ತಿರುವಿದರು.

ಎರಡನೆಯ ಬೆಂಚು ಬಸಲಿಂಗಪ್ಪನವರದೇ ದನಿಯಲ್ಲಿ ಮಾತಾಡಿತು: "ಲಗೂ ಎತ್ರಿ! ಸರ್ಕಾರಿ ಸಾಲಿ ಹುಡುಗ್ರು ಒಂದಿನ ನೆಲದ ಮ್ಯಾಲೆ ಕುಂದ್ರಲಿ."

ಮೀಸೆ ಇಳಿಯಿತು.

"ಇವನ್ನ ಈಗಿಂದೀಗ ವಾಪಸ್ ಕಳಸ್ರಿ," ಎಂದರು ನೀಲಗಂಗಾ. "ನಿಮ್ಮ ಬೆಂಚು ಎಲ್ಲದಾವ? ತರಸ್ರಿ."

"ಅವು ಬ್ಯಾಡ್ರೀ ಮೇಡಂ," ಬಸಲಿಂಗಪ್ಪ ಕೈ ಮುಗಿದರು. "ಯಾರ್ ತಟ್ಟಿದ್ರೂ 'ಬಾಯಿ ಮುಚ್ಚು' ಅಂತಾವ್ರಿ. ಮೊನ್ನೆ ನನಗೂ ಅಂದ್ವು."

"ಆಮ್ಯಾಲೆ?"

"ಕೈ ಕಟ್ಟಿ ಗಪ್ಪ ಕುಂತೆ ನೋಡ್ರಿ."